ಮಿಲ್ಟ್ರಿ ಮಾವನಿಗೆ

ರಾಯಲ್ಪಾಡು
9 ಫೆಬ್ರವರಿ 2025

ಮುರಳಿ ಮಾವನಿಗೆ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ. ಆಮೇಲೆ ಆ ಹಾಳೆ ಹರಿದು ಹಾಕಿ ಇನ್ನೊಂದು ತೆಗೆದುಕೊಂಡೆ. ದೊಡ್ಡವರಿಗೆ ಪತ್ರ ಬರೆಯುವಾಗ 'ನೀವು' ಎನ್ನಬೇಕೆಂದು ಹೈಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರೆ. ಆದರೆ ಮಾತು ಬಂದಾಗಿನಿಂದ 'ನೀನು' ಎಂದೇ ಕರೆದವನನ್ನು ಈಗ ಮರ್ಯಾದೆ ಕೊಟ್ಟು ಬೈಯಲು ನನಗೆ ಬರುವುದಿಲ್ಲ.

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಬೀಪಿ ಮಾತ್ರೆಯ ಚೀಟಿಯನ್ನು ಗೂಡಿನಲ್ಲೇ ಬಿಟ್ಟು ಹೋಗಿದ್ದೀಯಂತೆ, ಅಲ್ಲಿ ಕೊಂಡುಕೊಂಡೆಯೋ ಇಲ್ಲವೋ ಎಂದು ಅತ್ತೆ ಕೇಳುತ್ತಾಳೆ. ನಮ್ಮ ಟೊಮೆಟೊ ಲೋಡು ಒಯ್ಯುವ ಲಾರಿ ಅಮರನಾಥ್ ನಿನ್ನನ್ನು ಮದನಪಲ್ಲಿ ಮಂಡಿಯಲ್ಲಿ ನೋಡಿದನಂತೆ. ಗಡ್ಡ ಬಿಟ್ಟಿದ್ದಾನೆ, ಸೊರಗಿದ್ದಾನೆ, ನನ್ನನ್ನು ಕಂಡ ಕೂಡಲೇ ಮೂಟೆಗಳ ಹಿಂದೆ ಸರಿದುಬಿಟ್ಟ ಎಂದ. ಫೋನು ಆಫ್ ಮಾಡಿಕೊಂಡು ಕೂತವನಿಗೆ ಮಾತು ತಲುಪಿಸಲು ಬೇರೆ ದಾರಿ ಇಲ್ಲ, ಆದ್ದರಿಂದ ಇದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನಿನ್ನ ಮೊಣಕಾಲು ಹೇಗಿದೆ ಎಂದೂ ಕೇಳಬೇಕಿತ್ತು. ನಮ್ಮ ಮನೆಯಲ್ಲಿ ಯಾರೇ ಆಗಲಿ ನಿನಗೆ ಮೊದಲು ಕೇಳುತ್ತಿದ್ದದ್ದು ಅದನ್ನೇ. ಚಳಿಗಾಲ ಬಂದರೆ ಅಮ್ಮ ಹರಳೆಣ್ಣೆ ಬಿಸಿ ಮಾಡಿ, ಬಟ್ಟಲಿನಲ್ಲಿ ಮುಚ್ಚಿಕೊಂಡು ನಿಮ್ಮ ಬೀದಿಗೆ ಓಡುತ್ತಿದ್ದಳು, ತಮ್ಮನ ಕಾಲು ದೇಶಕ್ಕೆ ಹೋಗಿದೆ ಎಂದು. ಆ ಮೊಣಕಾಲಿಗೆ ಏನೂ ಆಗಿರಲಿಲ್ಲವೆಂದು ಈಗ ಗೊತ್ತಾಗಿದೆ. ಆದ್ದರಿಂದ ಕೇಳುವುದಿಲ್ಲ.

ಇಲ್ಲಿ ಎಲ್ಲರೂ ಇದ್ದಾರೆ. ಅಜ್ಜಿಗೆ ಸಕ್ಕರೆ ಏರಿದೆ, ಎರಡು ದಿನ ಶ್ರೀನಿವಾಸಪುರದ ಆಸ್ಪತ್ರೆಗೆ ಓಡಾಡಿ ಈಗ ಪರವಾಗಿಲ್ಲ. ಶೋಭಾರಾಣಿ ಅತ್ತೆ ಮನೆಯಿಂದ ಆಚೆಗೆ ಬರುವುದಿಲ್ಲ. ಹಾಲು ಹಾಕುವುದಕ್ಕೂ ಪಕ್ಕದ ಮನೆಯವರ ಕೈಯಲ್ಲಿ ಕ್ಯಾನು ಕೊಟ್ಟು ಕಳಿಸುತ್ತಾಳೆ. ಮಾವಿನ ಮರಗಳು ಚೆನ್ನಾಗಿ ಹೂ ಬಿಟ್ಟಿವೆ. ನಿನ್ನ ತೋಟಕ್ಕೆ ಔಷಧಿ ಹೊಡೆಯುವವರಿಲ್ಲದೆ ಅಪ್ಪನೇ ಹೊಡೆದು ಬಂದರು. ನಿನ್ನ ಹೆಸರು ಎತ್ತಲಿಲ್ಲ, ಕೆಲಸ ಮಾತ್ರ ಮಾಡಿದರು. ನಾನು ಇದೇ ತಿಂಗಳು ಇಪ್ಪತ್ತೇಳಕ್ಕೆ ಟ್ರೈನಿಂಗಿಗೆ ಹಾಜರಾಗಬೇಕು. ಸಿಕಂದರಾಬಾದ್. ಇನ್ನು ಹದಿನೆಂಟು ದಿನ ಉಳಿದಿದೆ, ನನಗೂ ಹದಿನೆಂಟು ವರ್ಷ. ಈ ದಿನಕ್ಕಾಗಿ ಎರಡು ವರ್ಷ ನನ್ನನ್ನು ತಿದಿ ಒತ್ತಿದಂತೆ ಒತ್ತಿದವನು ನೀನು, ಈಗ ನೀನೇ ಇಲ್ಲ.

ನನಗೆ ಎಷ್ಟು ಕೋಪ ಬಂದಿದೆ ಎಂದು ನಿನಗೆ ಗೊತ್ತಾಗಬೇಕಾದರೆ ಆ ಎರಡು ವರ್ಷವನ್ನು ನಾನು ನಿನಗೇ ತಿರುಗಿ ಹೇಳಬೇಕು. ಪಿಯುಸಿ ಮೊದಲ ವರ್ಷದಲ್ಲಿ ನಾನು ಮಿಲ್ಟ್ರಿಗೆ ಹೋಗುತ್ತೇನೆ ಎಂದು ಬಾಯಿಬಿಟ್ಟ ಮಾರನೇ ಬೆಳಗ್ಗೆ ನಾಲ್ಕೂವರೆಗೆ ನೀನು ಬಂದು ನನ್ನ ಕಂಬಳಿ ಎಳೆದೆ. ಕೆರೆ ಕಟ್ಟೆಯ ಮೇಲೆ ಈ ಕೋಡಿಯಿಂದ ಆ ಕೋಡಿಗೆ, ಆ ಕೋಡಿಯಿಂದ ಈ ಕೋಡಿಗೆ ಓಡಿಸಿದೆ. ನೀನು ಟಿವಿಎಸ್ ಮೇಲೆ ಕೂತು ಹಿಂದಿನಿಂದ ಹಾರ್ನ್ ಹೊಡೆಯುತ್ತಾ "ಪರಿಗೆತ್ತು ರಾ, ಪರಿಗೆತ್ತು" ಎಂದು ಕೂಗುತ್ತಿದ್ದೆ. ಬಟ್ಟೆ ಒಗೆಯುವ ಹೆಂಗಸರು ಕಲ್ಲು ಬಿಟ್ಟು ನೋಡುತ್ತಿದ್ದರು. ತುಂಬಿದ ಟೊಮೆಟೊ ಕ್ರೇಟನ್ನು ಹೆಗಲ ಮೇಲಿಟ್ಟು ಮಂಡಿ ಬಗ್ಗಿಸಿ ಏಳಿಸಿದೆ. ಪಂಪ್‌ಸೆಟ್ ಮನೆಯ ಬಾಗಿಲಿಗೆ ನೀರಿನ ಪೈಪು ಅಡ್ಡ ಕಟ್ಟಿ, ಅದಕ್ಕೆ ಜೋತುಬಿದ್ದು ಗದ್ದ ತಾಗುವವರೆಗೆ ಮೇಲೇಳು ಎಂದೆ. ಮೊದಲ ದಿನ ಎರಡು ಎದ್ದೆ. ಹತ್ತು ಏಳುವ ಹೊತ್ತಿಗೆ ಅಂಗೈ ಚರ್ಮ ಎರಡು ಸಲ ಸುಲಿದು ಬಂದಿತ್ತು. ರ‍್ಯಾಲಿಯಲ್ಲಿ ಒಂಬತ್ತಡಿ ಹಳ್ಳ ಹಾರಿಸುತ್ತಾರೆಂದು ನಮ್ಮ ಹಿಪ್ಪುನೇರಳೆ ತೋಟದ ಕಾಲುವೆಯನ್ನೇ ಅಗೆದು ಅಗಲ ಮಾಡಿದೆ. ಅಪ್ಪ ಬೈದರೆ, "ಭಾವ, ಸೊಪ್ಪು ಆಮೇಲೂ ಬೆಳೀತದೆ, ಹುಡುಗನ ವಯಸ್ಸು ಆಮೇಲೆ ಬರ್ತದಾ?" ಎಂದು ಅವರ ಬಾಯಿ ಮುಚ್ಚಿಸಿದೆ.

ಅದೆಲ್ಲ ಬಿಡು. ಮೈ ನೋವು ಮಲಗಿದರೆ ಹೋಗುತ್ತದೆ. ಮನಸ್ಸು ಗಟ್ಟಿ ಮಾಡುತ್ತೇನೆಂದು ನೀನು ಮಾಡಿದ್ದು ಮಾತ್ರ ಹೋಗುವುದಿಲ್ಲ. ನಲವತ್ತೆಂಟು ದಿನ, ಮಾಲೆ ಹಾಕಿಕೊಂಡವರ ಹಾಗೆ ಲೆಕ್ಕ ಹಿಡಿದು, ದಿನಾ ಬೆಳಗ್ಗೆ ಎದುರು ನಿಲ್ಲಿಸಿಕೊಂಡು ನನ್ನನ್ನು ಬೈದೆ. ನನ್ನ ಮೂಗು, ನನ್ನ ಬಣ್ಣ, ನನ್ನ ಅಪ್ಪ, ನನ್ನ ಮಾರ್ಕ್ಸ್ ಯಾವುದನ್ನೂ ಬಿಡಲಿಲ್ಲ. ನಾನು ಉತ್ತರ ಕೊಡಬಾರದು, ಕಣ್ಣು ಮಿಟುಕಿಸಬಾರದು, ಕೊನೆಯಲ್ಲಿ "ಯಸ್ ಸಾಬ್" ಎನ್ನಬೇಕು. ಒಂದೇ ಮನೆಯಲ್ಲಿದ್ದುಕೊಂಡು ಹತ್ತು ದಿನ ಅಮ್ಮನ ಜೊತೆ ಮಾತಾಡಬೇಡ ಎಂದೆ. "ಅಲ್ಲಿ ಅಮ್ಮಾ ಅಂದ್ರೆ ಯಾರೂ ಓ ಅನ್ನಲ್ಲ ಕಣೋ, ಇವತ್ತಿಂದಾನೇ ಅಭ್ಯಾಸ ಮಾಡ್ಕೊ" ಎಂದೆ. ಅಮ್ಮ ತಟ್ಟೆ ಇಟ್ಟು ನನ್ನ ಮುಖ ನೋಡುತ್ತಾ ನಿಲ್ಲುತ್ತಿದ್ದಳು, ನಾನು ಮುದ್ದೆ ಮುರಿದುಕೊಂಡು ಗೋಡೆ ನೋಡುತ್ತಿದ್ದೆ. ಆರನೇ ದಿನ ಅವಳು ಅತ್ತಳು. ನಾನು ಆಗಲೂ ಮಾತಾಡಲಿಲ್ಲ. ನೀನು ಬೆನ್ನು ತಟ್ಟಿ ಶಭಾಷ್ ಎಂದೆ.

ನನ್ನ ಕಾಲಿನ ಮೂಳೆ ಊದಿಕೊಂಡ ವಾರ ನೆನಪಿದೆಯಾ? ಆಗ ನಮ್ಮ ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು, ಸೊಪ್ಪಿಗೆ ಬಾಯಿ ಹಾಕಿದ್ದವು. ಕಾಲಿಗೆ ನೋವಿನ ಮುಲಾಮು ಹಚ್ಚಿಕೊಂಡವರನ್ನು ಹುಳದ ಮನೆ ಸುತ್ತ ಸುಳಿಯಲು ಬಿಡುತ್ತಾರೆಯೇ? ಆ ವಾಸನೆಗೆ ಹುಳ ಸೊಪ್ಪು ಬಿಟ್ಟರೆ ಒಂದು ತಿಂಗಳ ಪಾಡು ಮಣ್ಣುಪಾಲು. ಮುಲಾಮು ಹಚ್ಚಿದರೆ ಮನೆಗೆ ಬರುವಂತಿಲ್ಲ, ಹಚ್ಚದಿದ್ದರೆ ಕಾಲೂರುವಂತಿಲ್ಲ. ಎಂಟು ದಿನ ಕ್ರೇಟಿನ ಶೆಡ್ಡಿನಲ್ಲಿ ಮಲಗಿದೆ, ಅಮ್ಮ ದೂರದಲ್ಲೇ ಊಟ ಇಟ್ಟು ಹೋಗುತ್ತಿದ್ದಳು. ಒಂಬತ್ತನೇ ದಿನ ನೀನು ಓಡಿಸಿದೆ. ಅರ್ಧ ಕಟ್ಟೆಗೆ ಕಾಲು ಕೈಕೊಟ್ಟಿತು, ನಾನು ಕೂತುಬಿಟ್ಟೆ. ಆಗ ಟಿವಿಎಸ್ ನಿಲ್ಲಿಸಿ, ಅಷ್ಟು ಜನ ಹೆಂಗಸರ ಮುಂದೆ ನೀನು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಅರ್ಧಕ್ಕೆ ಬಿಟ್ಟು ಬರೋನು ಗಂಡಸಲ್ಲ ಕಣೋ. ನಮ್ಮ ವಂಶದಲ್ಲಿ ಅಂಥೋರು ಹುಟ್ಟಿಲ್ಲ." ನಾನು ಎದ್ದು ಕುಂಟುತ್ತಾ ಓಡಿದೆ. ಕಣ್ಣಲ್ಲಿ ನೀರಿತ್ತು, ಆದರೆ ನಿನ್ನ ಮಾತು ನಿಜವೆಂದೇ ನಂಬಿದ್ದೆ. ನಾಚಿಕೆಯಾಗಲಿಲ್ಲವಾ ಮಾವ ನಿನಗೆ? ಆ ಮಾತು ಬಾಯಿಂದ ಬರುವಾಗ ನಾಲಿಗೆ ಒಂದು ಸಲವಾದರೂ ತಡವರಿಸಲಿಲ್ಲವಾ?

ಜನವರಿ ಇಪ್ಪತ್ತಾರನೇ ತಾರೀಖು ಏನಾಯಿತೆಂದು ನಿನಗೆ ಯಾರೂ ಹೇಳಿರುವುದಿಲ್ಲ, ನಾನೇ ಹೇಳುತ್ತೇನೆ. ಊರಿನಿಂದ ಸೈನ್ಯಕ್ಕೆ ಹೋದವರ ಹೆಸರನ್ನು ಶಾಲೆಯ ಗೋಡೆಗೆ ಫಲಕ ಮಾಡಿ ಹಾಕುತ್ತೇನೆಂದು ಕೋದಂಡರಾಮಪ್ಪ ಮೇಷ್ಟ್ರು ಹೊರಟಿದ್ದರಲ್ಲ. ಮೊದಲನೇ ಹೆಸರು ನಿನ್ನದು, ಎರಡನೆಯದು ನನ್ನದು. ಹದಿನೈದು ದಿನದಿಂದ ಅವರು ನಿನ್ನ ಸರ್ವಿಸ್ ನಂಬರು, ಯೂನಿಟ್ಟು ಕೇಳುತ್ತಿದ್ದರು. ನೀನು "ನಾಳೆ ಕೊಡ್ತೀನಿ ಸಾರ್, ಟ್ರಂಕಿನಲ್ಲಿದೆ" ಎನ್ನುತ್ತಿದ್ದೆ. ಇಪ್ಪತ್ತೈದರ ಮಧ್ಯಾಹ್ನ ಹೊಸ ಶರ್ಟು ತರುತ್ತೇನೆಂದು ಮದನಪಲ್ಲಿ ಬಸ್ಸು ಹತ್ತಿದವನು ಬರಲೇ ಇಲ್ಲ. ಮಾರನೇ ಬೆಳಗ್ಗೆ ವೇದಿಕೆ ಮೇಲೆ ಎರಡು ಕುರ್ಚಿ, ತಟ್ಟೆಯಲ್ಲಿ ಎರಡು ಶಾಲು, ಎರಡು ಮೈಸೂರು ಪೇಟ. ನಾನೊಬ್ಬ ಕೂತಿದ್ದೆ. ಫಲಕದಲ್ಲಿ ನಿನ್ನ ಹೆಸರಿನ ಮುಂದೆ ಸೇವಾ ಸಂಖ್ಯೆಯ ಜಾಗ ಖಾಲಿ ಇತ್ತು. ಅತಿಥಿಯಾಗಿ ತಾಯಲೂರಿನಿಂದ ದೊಡ್ಡವೆಂಕಟಪ್ಪನವರು ಬಂದಿದ್ದರು, ರಿಟೈರ್ಡ್ ಹವಾಲ್ದಾರ್, ಇಪ್ಪತ್ತೆರಡು ವರ್ಷ ಸರ್ವಿಸ್. ಅವರು ಆಸೆಯಿಂದ ಅತ್ತೆಯನ್ನು ಕೇಳಿದರು, ಯಾವ ಯೂನಿಟ್ಟಮ್ಮ, ಕಡೇಲಿ ಎಲ್ಲಿದ್ರು ಎಂದು. ಅತ್ತೆ ಜಬಲ್ಪುರ ಎಂದಳು. ಜಬಲ್ಪುರದಲ್ಲಿ ಏನು ಎಂದರು. ಅತ್ತೆಗೆ ಅದಕ್ಕಿಂತ ಮುಂದೆ ಗೊತ್ತಿರಲಿಲ್ಲ. ಮದುವೆಯಾಗಿ ಹದಿನಾರು ವರ್ಷವಾಗಿದೆ ಮಾವ, ಅವಳಿಗೆ ಒಂದು ಊರಿನ ಹೆಸರು ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಹವಾಲ್ದಾರರು ದೊಡ್ಡ ಮನುಷ್ಯ, ಅಷ್ಟಕ್ಕೆ ಸುಮ್ಮನಾದರು. ಮೇಷ್ಟ್ರು ಬಿಡಲಿಲ್ಲ. ಮುರಳಿಮೋಹನ್ ಅವರು ಕಾರ್ಯನಿಮಿತ್ತ ಬಂದಿಲ್ಲ, ಅವರ ಪರವಾಗಿ ಶಿಷ್ಯನೇ ಸ್ವೀಕರಿಸುತ್ತಾನೆ ಎಂದು ಮೈಕಿನಲ್ಲಿ ಹೇಳಿ, ನನ್ನ ಪೇಟದ ಮೇಲೆ ನಿನ್ನ ಪೇಟ ಇಡಲು ಬಂದರು. ಆಗ ಅಜ್ಜಿ ಹೆಂಗಸರ ಸಾಲಿನಿಂದ ಎದ್ದು ನಿಂತಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಬ್ಯಾಡ ಮೇಷ್ಟ್ರೇ, ಅದನ್ನ ನನ್ನ ಮೊಮ್ಮಗನ ತಲೆ ಮೇಲೆ ಇಡ್ಬೇಡಿ. ನನ್ನ ಮಗ ಮಿಲ್ಟ್ರೀಲಿ ಇರ್ಲೇ ಇಲ್ಲ. ಟ್ರೈನಿಂಗಿಂದ ಓಡಿ ಬಂದ. ಮುಚ್ಚಿಟ್ಟೋಳು ನಾನೇ. ಆ ಸುಳ್ಳು ಹೊತ್ಕೊಂಡು ಈ ಮಗು ಹೋಗೋದು ಬ್ಯಾಡ." ಮೈಕು ಆನ್ ಇತ್ತು, ಅರ್ಧ ಊರಿಗೆ ಕೇಳಿಸಿತು. ಧ್ವಜದ ಕೆಳಗೆ ಸಾಲಾಗಿ ನಿಂತಿದ್ದ ಮಕ್ಕಳ ಕೈಯಲ್ಲಿ ಸಿಹಿಬೂಂದಿ ಹಾಗೇ ಇತ್ತು. ಒಂದು ಮಗು ಮಾತ್ರ ತಿನ್ನುತ್ತಿತ್ತು.

ಮನೆಗೆ ಬಂದ ಮೇಲೆ ಅಜ್ಜಿ ಎಲ್ಲ ಹೇಳಿದಳು. ಹತ್ತೊಂಬತ್ತಕ್ಕೆ ಆಯ್ಕೆಯಾಗಿ, ಊರವರಿಂದ ಹಾರ ಹಾಕಿಸಿಕೊಂಡು ಹೋದವನು, ಸ್ವಲ್ಪ ದಿನಕ್ಕೇ ಯಲ್ದೂರಿನ ದೊಡ್ಡಮ್ಮನ ಮಾವಿನ ತೋಟಕ್ಕೆ ಬಂದು ಅಡಗಿಕೊಂಡೆಯಂತೆ. ತಲೆ ಬೋಳಾಗಿತ್ತಂತೆ. ಅಜ್ಜಿ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳಂತೆ. ಹಾರ ಹಾಕಿದ ಊರಿಗೆ ಬರಲು ಮುಖವಿಲ್ಲದೆ ಅಲ್ಲಿಂದ ನಾಗಪುರದ ಕಡೆ ಹೋಗಿ, ಯಾವುದೋ ಗೋಡೌನಿನಲ್ಲಿ ನಾಲ್ಕು ವರ್ಷ ಮೂಟೆ ಹೊತ್ತು, ಅಲ್ಲಿ ಒಂದು ಕಪ್ಪು ಟ್ರಂಕು, ಒಂದು ಹಸಿರು ಸ್ವೆಟರು ಕೊಂಡು, ಕುಂಟುತ್ತಾ ಊರಿಗೆ ಬಂದೆಯಂತೆ. ಊರು ಮಿಲ್ಟ್ರಿ ಮುರಳಿ ಎಂದಿತು, ನೀನು ಓಗೊಟ್ಟೆ. ಅಪ್ಪ, ಅಮ್ಮ, ಅತ್ತೆ ಯಾರಿಗೂ ಗೊತ್ತಿರಲಿಲ್ಲ. ತಾತ ಇದನ್ನು ತಿಳಿಯದೆಯೇ ತೀರಿಕೊಂಡರು. ಸಾಯುವ ಹಿಂದಿನ ವಾರವೂ ಆಸ್ಪತ್ರೆಯಲ್ಲಿ ನರ್ಸಿಗೆ, ನನ್ನ ಮಗ ಮಿಲ್ಟ್ರಿಯಲ್ಲಿದ್ದೋನು ಎಂದು ಹೇಳಿಕೊಳ್ಳುತ್ತಿದ್ದರು.

ಆಮೇಲೆ ನಾನು ಕೂತು ಯೋಚಿಸಿದೆ. ನನ್ನ ದಡ್ಡತನಕ್ಕೆ ನನ್ನ ಮೇಲೇ ಸಿಟ್ಟು ಬಂತು. ನೀನು ಹೇಳಿದ ಕಥೆಗಳೆಲ್ಲ ಎಲ್ಲಿಯವು? ರೈಲಿಳಿದ ಕೂಡಲೇ ಲಾರಿಯಲ್ಲಿ ತುಂಬಿಕೊಂಡು ಹೋಗಿದ್ದು. ಸಾಲಾಗಿ ಕೂರಿಸಿ ಒಂದೊಂದು ನಿಮಿಷಕ್ಕೆ ಒಂದೊಂದು ತಲೆ ಬೋಳಿಸಿದ್ದು, ಕೂದಲು ಹೋದ ಮೇಲೆ ಜೊತೆಗೆ ಬಂದ ಗೆಳೆಯನ ಗುರುತೇ ಸಿಗದೆ ಹುಡುಕಿದ್ದು. ಬಕೆಟ್ಟಿಗೂ ಮಗ್ಗಿಗೂ ಬಿಳಿ ಬಣ್ಣದಲ್ಲಿ ಹೆಸರು ಬರೆಸಿದ್ದು. ಬಲಗಾಲಿಗೆ ಎಂಟು, ಎಡಗಾಲಿಗೆ ಒಂಬತ್ತರ ಬೂಟು ಬಂದದ್ದು, ಬದಲಾಯಿಸಿ ಎಂದು ಹಿಂದಿಯಲ್ಲಿ ಕೇಳಲು ಬಾರದೆ ಹಾಗೇ ಹಾಕಿಕೊಂಡದ್ದು. ಎಲ್ಲ ಮೊದಲ ಕೆಲವು ದಿನದವೇ. ಇವನ್ನು ನೀನು ನೂರು ಸಲ ಹೇಳಿದ್ದೀಯ, ಪ್ರತಿ ಸಲ ನಗಿಸಿದ್ದೀಯ. ರೈಫಲ್ ಎಷ್ಟು ಭಾರ ಎಂದರೆ, "ಅದು ಹೇಳೋ ಹಂಗಿಲ್ಲ ಕಣೋ, ಸಹಿ ಹಾಕಿ ಬಂದಿದ್ದೀನಿ" ಎನ್ನುತ್ತಿದ್ದೆ. ಪ್ರತಿಜ್ಞೆ ತೆಗೆದುಕೊಳ್ಳುವ ಕಸಂ ಪರೇಡಿನ ದಿನ ನಿನ್ನ ಎದೆ ಹೇಗಾಯಿತು ಮಾವ ಎಂದರೆ ಬೀಡಿ ಹಚ್ಚಿಕೊಂಡು ಎದ್ದು ಹೋಗುತ್ತಿದ್ದೆ. ದೊಡ್ಡವರು ದೊಡ್ಡ ವಿಷಯ ಹೇಳುವುದಿಲ್ಲ ಎಂದುಕೊಂಡು ನಾನು ನಿನ್ನನ್ನು ಇನ್ನೂ ಹೆಚ್ಚು ಗೌರವಿಸಿದೆ. ಒಂದು ಸಲವೂ ಅನುಮಾನ ಬರಲಿಲ್ಲವಲ್ಲ ನನಗೆ.

ನಿನ್ನಿಂದ ಊರಿನಲ್ಲಿ ನನ್ನ ಗತಿ ಏನಾಗಿದೆ ಗೊತ್ತಾ? ಬೇಕರಿ ಮುಂದೆ ಹೋದರೆ ಹುಡುಗರು, "ಏನ್ಲಾ ಅರುಣ, ಯುಗಾದಿಗೆ ವಾಪಸ್ಸಾ? ಒಬ್ಬಟ್ಟು ಎತ್ತಿಟ್ಟಿರ್ತೀವಿ" ಎನ್ನುತ್ತಾರೆ. ಮೊನ್ನೆ ಒಬ್ಬನ ಕಾಲರ್ ಹಿಡಿದೆ, ಅಪ್ಪ ಬಂದು ಬಿಡಿಸಿದರು. ಅಮ್ಮ ಒಂದು ದಿನ ಮೆಲ್ಲಗೆ, ಹೋಗದಿದ್ದರೂ ಪರವಾಗಿಲ್ಲ ಮಗ, ಡಿಗ್ರಿಗೆ ಸೇರು ಎಂದಳು. ಸಾಯುವಷ್ಟು ಸಿಟ್ಟು ಬಂತು. ನಾನು ಹತ್ತು ದಿನ ಮಾತಾಡದೆ ಅಳಿಸಿದ ಅಮ್ಮ ಅವಳು, ಮಾವ, ಅದನ್ನೆಲ್ಲ ಮರೆತು ನನಗೆ ದಾರಿ ಬಿಟ್ಟುಕೊಡುತ್ತಿದ್ದಾಳೆ. ನಾಲ್ಕು ದಿನ ನಾನು ಓಡಲಿಲ್ಲ. ಐದನೇ ದಿನ ಅಲಾರಂ ಇಟ್ಟುಕೊಂಡು ಒಬ್ಬನೇ ಕಟ್ಟೆಗೆ ಹೋದೆ. ಹಿಂದಿನಿಂದ ಹಾರ್ನ್ ಹೊಡೆಯುವವರಿಲ್ಲ, ಬೈಯುವವರಿಲ್ಲ. ಫೋನಿನಲ್ಲಿ ಟೈಮು ಇಟ್ಟುಕೊಂಡು ಓಡಿದೆ, ಸಾವಿರದ ಆರುನೂರು ಮೀಟರಿಗೆ ಐದು ನಿಮಿಷ ಹನ್ನೊಂದು ಸೆಕೆಂಡು. ನೀನಿದ್ದಾಗ ಐದು ಇಪ್ಪತ್ತರ ಒಳಗೆ ಒಂದು ದಿನವೂ ಬಂದಿರಲಿಲ್ಲ. ಕೋಪದಲ್ಲಿ ಓಡಿದರೆ ಕಾಲು ಹಗುರ ಎಂದು ಆವತ್ತು ಗೊತ್ತಾಯಿತು. ಅಂದಿನಿಂದ ದಿನಾ ನಿನ್ನನ್ನು ಬೈಯುತ್ತಲೇ ಓಡುತ್ತಿದ್ದೇನೆ.

ಹವಾಲ್ದಾರ್ ದೊಡ್ಡವೆಂಕಟಪ್ಪನವರು ಹೋದ ಭಾನುವಾರ ಬಂದಿದ್ದರು. ನನ್ನ ಸಲ್ಯೂಟು ನೋಡಿ ಮೊಣಕೈ ಸರಿಮಾಡಿದರು, ಎರಡು ವರ್ಷ ನೀನು ಹೇಳಿಕೊಟ್ಟದ್ದು ತಪ್ಪಂತೆ. ಬ್ಯಾಗಿನಲ್ಲಿ ಏನೇನಿರಬೇಕು ಎಂದು ಪಟ್ಟಿ ಮಾಡಿಸಿದರು. ನಿನ್ನ ವಿಷಯ ಎತ್ತಿದರೆ ಅವರು ನಿನ್ನನ್ನು ಬಾಯಿಗೆ ಬಂದಂತೆ ಬೈಯುತ್ತಾರೆ ಎಂದು ನಾನು ಕಾದಿದ್ದೆ. ಅವರು ಟೀ ಕುಡಿದು, "ನಮ್ಮ ಬ್ಯಾಚಲ್ಲೂ ಮೂರು ಜನ ಓಡಿದ್ರಪ್ಪ. ಒಳ್ಳೇ ಹುಡುಗರೇ" ಎಂದಷ್ಟೇ ಹೇಳಿ ಹೊರಟರು. ಅದನ್ನು ಕೇಳಿ ನನ್ನ ಸಿಟ್ಟು ಇಳಿಯಲಿಲ್ಲ. ಓಡಿ ಬಂದದ್ದಕ್ಕೆ ನನಗೆ ಸಿಟ್ಟಿಲ್ಲ ಮಾವ, ಇದನ್ನು ಸರಿಯಾಗಿ ತಿಳಿದುಕೋ. ಹತ್ತೊಂಬತ್ತು ವರ್ಷದ ಹುಡುಗ ಹೆದರಿದ, ಓಡಿದ, ಮುಗಿಯಿತು. ನನ್ನನ್ನು ಹೇಡಿ ಎಂದದ್ದಕ್ಕೆ ಸಿಟ್ಟು. ಅಮ್ಮನನ್ನು ಅಳಿಸಿದ್ದಕ್ಕೆ ಸಿಟ್ಟು. ಅತ್ತೆಯನ್ನು ಅಷ್ಟು ಜನರ ಮುಂದೆ ಒಬ್ಬಳೇ ನಿಲ್ಲಿಸಿದ್ದಕ್ಕೆ ಸಿಟ್ಟು. ಕಡೆಗೆ ನನ್ನ ಪಕ್ಕದ ಕುರ್ಚಿಯಿಂದಲೂ ಓಡಿದೆಯಲ್ಲ, ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಜಬಲ್ಪುರದಲ್ಲಿ ಯಾರೋ ಗೊತ್ತಿಲ್ಲದ ಸಾಬ್ ಇದ್ದ, ಓಡಿದೆ. ಇಲ್ಲಿ ಇದ್ದದ್ದು ನಾನು.

ಅಜ್ಜಿ ನಿನಗೆ ಆಶೀರ್ವಾದ ಬರೆ ಎಂದಳು, ಬರೆದಿದ್ದೇನೆ. ಮನೆಗೆ ಬಾ ಎಂದು ಹೇಳು, ಯಾರೂ ಏನೂ ಅನ್ನೋದಿಲ್ಲ ಎಂದಳು. ಅದು ಸುಳ್ಳು, ನಾನು ಅನ್ನುತ್ತೇನೆ. ಆದರೂ ಬಾ. ಅಮ್ಮ ಕೇಳಿದಳೆಂದು ಬರೆ ಎನ್ನಲಿಲ್ಲ, ಆದರೆ ಅಮರನಾಥ್ ಲಾರಿಯಲ್ಲಿ ಇಡಲು ನಿಪ್ಪಟ್ಟು ಕಟ್ಟಿದ್ದಾಳೆ. ಅತ್ತೆ ಮಾತ್ರೆ ಚೀಟಿ ಕೊಟ್ಟಿದ್ದಾಳೆ, ಇದರ ಜೊತೆ ಪಿನ್ ಮಾಡಿದ್ದೇನೆ. ಮಾತ್ರೆ ತೆಗೆದುಕೋ.

ಇಂತಿ,
ನಿನ್ನ ಅಕ್ಕ ಆದಿಲಕ್ಷ್ಮಿಯ ಮಗ,
ಅರುಣ್‌ಕುಮಾರ್

ವಿ. ಸೂ.: ಅಮರನಾಥ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲಿನದೆಲ್ಲ ಓದದಿದ್ದರೂ ಇದನ್ನು ಓದು. ನನಗೆ ಭಯವಾಗಿದೆ ಮಾವ. ಓಟಕ್ಕಲ್ಲ, ಬೈಗುಳಕ್ಕಲ್ಲ, ಏನಕ್ಕೆಂದು ಗೊತ್ತಿಲ್ಲ. ಅಮ್ಮನಿಗೆ ಹೇಳಿದರೆ ಕಳಿಸುವುದಿಲ್ಲ, ಹವಾಲ್ದಾರರಿಗೆ ಹೇಳಲು ನಾಚಿಕೆ. ಇದನ್ನು ಕೇಳಬಹುದಾದವನು ಈ ಊರಿನವರಲ್ಲಿ ನೀನೊಬ್ಬನೇ. ನೀನು ಓಡಿದ್ದು ಎಷ್ಟನೇ ದಿನ? ಬೆಳಗ್ಗೆಯಾ, ಸಂಜೆಯಾ? ಆವತ್ತು ಏನಾಯಿತು? ಅಜ್ಜಿಗೂ ನೀನು ಹೇಳಿಲ್ಲವಂತೆ. ನನಗೆ ಬರೆ, ಒಂದು ಚೀಟಿಯಲ್ಲಾದರೂ ಸರಿ, ಅಮರನಾಥ್ ಕೈಯಲ್ಲೇ ಕಳಿಸು. ನಾನು ಆ ದಿನ ಬರುವವರೆಗೆ ಲೆಕ್ಕ ಹಾಕುತ್ತೇನೆ, ಆ ಒಂದು ದಿನ ಹಲ್ಲು ಕಚ್ಚಿ ಕೂತುಬಿಡುತ್ತೇನೆ. ಅದರ ಮಾರನೇ ದಿನ ಅಲ್ಲಿ ಏನಾಗುತ್ತದೆ ಎಂದು ರಜೆಗೆ ಬಂದಾಗ ನಾನು ನಿನಗೆ ಹೇಳುತ್ತೇನೆ.